ಅರಳದ ಮೊಗ್ಗು

ಹರಿದ ಶರ್ಟು ಹಿಡಿದು ದರ್ಜಿ ಅಂಗಡಿಯಲ್ಲಿ ಕಾಯುತ್ತಿದ್ದ ಡ್ರೈವರ್ ಕಿವಿಗೆ ಪಕ್ಕದ ಅಕ್ಕತಂಗಿಯರ ಮಾತು ಬಿತ್ತು. ತಂಗಿಯ ತೊಡೆಯ ಮೇಲೆ ಕಸೂತಿಯ ಹಳೆ ಹೊದಿಕೆಯಿತ್ತು.

"ಅಮ್ಮ ಹಾಕಿದ ಕಸೂತೀನ ಕತ್ತರಿಸಿ ದಿಂಬಿನ ಕವರ್ ಮಾಡಿಸಬೇಕಂತಾ?"

"ಹೂಂ ಅಕ್ಕ. ಸೂರ್ಯ ಒಂದಕ್ಕೆ, ಚಂದ್ರ ಇನ್ನೊಂದಕ್ಕೆ ಅಂದ್ರು ಅತ್ತಿಗೆ."

"ಸೂರ್ಯ ಅಪ್ಪ, ಚಂದ್ರ ಅಮ್ಮ ಅಂತ ಹಾಕಿದ್ದು. ಅವರನ್ನೇ ಬೇರೆ ಮಾಡೋಕೆ ಹೊರಟಳಲ್ಲ. ಬಳ್ಳಿ ಮೇಲಿನ ಮೂರು ಹೂವು ನಾವು ಅಂತ ಅಣ್ಣನಾದ್ರೂ ಹೇಳಬಾರದಿತ್ತಾ?"

"ಅವನ ಬಾಯಿಗೆ ಬೀಗ."

"ಈ ಮೊಗ್ಗು?"

"ಅರಳದ್ದು ಚೆನ್ನಾಗಿ ಕಾಣಲ್ಲ, ಬಿಚ್ಚಿಸಿಬಿಡು ಅಂದ್ರು."

ಅಕ್ಕನ ಮುಖ ಕೆಂಪಾಯಿತು.

"ಹುಟ್ಟಿದ ವಾರಕ್ಕೇ ಹೋದ ಪಾಪೂನ ಅಮ್ಮ ಇಷ್ಟರಲ್ಲಾದ್ರೂ ಉಳಿಸಿಕೊಂಡಿದ್ದಳು. ಮಡಚು ಅದನ್ನ."

"ಅತ್ತಿಗೆ ಕೇಳಿದ್ರೆ?"

"ನನ್ನನ್ನ ಕೇಳಲಿ. ಇದು ನನ್ನ ಮನೆಗೆ ಬರುತ್ತೆ."

ದರ್ಜಿ ಕತ್ತರಿ ಹಿಡಿದುಕೊಂಡೇ ಅವರನ್ನು ಕರೆದ. ಡ್ರೈವರ್ ಕಾಲು ಮಡಚಿಕೊಂಡು, ಹೊರಗೆ ಹೋಗಲು ಅವರಿಗೆ ದಾರಿ ಬಿಟ್ಟ.