ತಿರುವಿನಲ್ಲಿ ನಿಲ್ಲುವ ಗಾಡಿ

“ಪಂಪು ರಿಪೇರಿಯವ ಅಲ್ವಾ ನೀನು? ಇದರಲ್ಲಿ ನೀರು ಬರುವುದಿಲ್ಲ ಮಾರಾಯ!”

ಕೇಶವಪ್ರಸಾದ ಸರ್ ಹೀಗೆಂದದ್ದು ಕಾಲೇಜಿನ ಲ್ಯಾಬಿನ ಅಷ್ಟೂ ವಿದ್ಯಾರ್ಥಿಗಳ ಮುಂದೆ. ಎಲ್ಲರೂ ನಕ್ಕರು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಕುಂಬಳೆಯಲ್ಲಿ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವವನು ನಾನು, ನಿಜ. ಆದರೆ ಹತ್ತು ವರ್ಷ ಮೂಲೆಯಲ್ಲಿ ಧೂಳು ತಿಂದ ಇವರ ರೋಬೋಟ್ ಗಾಡಿಯ ಎರಡೂ ಮೋಟಾರು ಸುತ್ತಿ, ಬ್ಯಾಟರಿ ಬದಲಿಸಿ ಓಡಿಸಿದ್ದು ಯಾರು? ಇವರ ಪುಸ್ತಕವಾ? ಓಡಿತು; ಕಾರಿಡಾರಿನ ತಿರುವಿಗೆ ಬಂದು ನಿಂತಿತು. ಮೂರು ಸಲವೂ ಅಲ್ಲೇ. ನಾಳೆ ಪರಿಶೀಲನೆಗೆ ಬರುವವರ ಮುಂದೆ ಅದು ಕೊನೆಯ ಬಾಗಿಲು ಮುಟ್ಟಿದರೆ ಲ್ಯಾಬಿನ ಟೆಕ್ನಿಷಿಯನ್ ಕೆಲಸ ನನಗೆ. ಇಲ್ಲದಿದ್ದರೆ ಮತ್ತೆ ಪಂಪೇ.

ಅಷ್ಟರಲ್ಲಿ ಮಳೆ ಜಡಿದು ಕರೆಂಟು ಹೋಯಿತು. ಮೊದಲು ಇಲ್ಲಿ ಅಟೆಂಡರಾಗಿದ್ದ ಮುದುಕ ಕುಂಞಣ್ಣ ಚಾ ತಂದಿಟ್ಟು ಸ್ಟೂಲಿನ ಮೇಲೆ ಕೂತ. ನಾವೆಲ್ಲ ಅವನ ಸುತ್ತ ಸೇರಿದೆವು.

“ಅದಕ್ಕೆ ಎಂತದೂ ಆಗಲಿಲ್ಲ ಮಕ್ಕಳೇ... ಅದು ದಾರಿ ಬಿಡುವುದು. ಯಾರಿಗೆ ಅಂತ ಕೇಳುವುದಿಲ್ಲವಾ? ಪುತ್ತಿಗೆಯ ಯೋಗೀಶ ಅಂತ ಇದ್ದ, ಇಲ್ಲಿಯ ಟೆಕ್ನಿಷಿಯನ್. ಗಾಡಿಯ ಸುತ್ತ ಹನ್ನೆರಡು ಕಣ್ಣು ಉಂಟಲ್ಲ, ಟಿಕ್ ಟಿಕ್ ಅಂತ ಶಬ್ದ ಬಿಟ್ಟು ಎದುರಿಗೆ ಯಾರುಂಟು ಅಂತ ನೋಡುವುದು... ಅದರ ಎದುರು ಹಿಂದೆ ಹಿಂದೆ ಹೆಜ್ಜೆ ಇಟ್ಟು, ಮಗುವಿಗೆ ನಡೆಯಲು ಕಲಿಸಿದ ಹಾಗೆ ಈ ದಾರಿ ಕಲಿಸಿದವ ಅವನು. ಇಂಥದೇ ಆಟಿ ತಿಂಗಳ ಮಳೆ. ತಿರುವಿನ ಪ್ಲಗ್ಗಿಗೆ ನೀರು ಇಳಿಯುತ್ತದೆ ಅಂತ ಮೂರು ಸಲ ಬರೆದು ಕೊಟ್ಟಿದ್ದ. ಯಾರು ಓದಿದರು? ಅಲ್ಲಿಯೇ ಶಾಕ್ ಹೊಡೆದು ಹೋದ... ಮರುವಾರ ಗಾಡಿ ಬಿಟ್ಟರೆ, ಅಲ್ಲಿ ನಿಂತಿತು. ಕಣ್ಣು ಬದಲಿಸಿದರು, ಗೋಡೆಯ ಬಣ್ಣ ಬದಲಿಸಿದರು, ಎಂತ ಪ್ರಯೋಜನ? ಸತ್ತವರಿಗೆ ಆಟಿಯಲ್ಲಿ ಎಲೆ ಹಾಕಿ ಬಡಿಸುವುದುಂಟಲ್ಲ ನಮ್ಮಲ್ಲಿ... ಅವನ ಮನೆಯವರು ಮನೆಯಲ್ಲಿ ಬಡಿಸಿದರು. ಆದರೆ ಅವ ಮನೆಯಲ್ಲಿ ಎಲ್ಲಿ ಇದ್ದ? ನಾನು ಯಾರಿಗೂ ಹೇಳದೆ ಆ ತಿರುವಿನ ಗೋಡೆ ಬದಿಗೆ ಒಂದು ಎಲೆ ಹಾಕಿ ಕೋಳಿ, ರೊಟ್ಟಿ ಬಡಿಸಿದೆ. ಆ ಒಂದು ದಿನ ಗಾಡಿ ನಿಲ್ಲದೆ ಹೋಯಿತು. ಮರುದಿನ... ಪುನಃ ನಿಂತಿತು. ಊಟಕ್ಕೆ ಬದಿಗೆ ಕೂತವ ಎದ್ದು ದಾರಿಗೆ ಬರದೆ ಇರುತ್ತಾನಾ?”

“ಹಾಗಾದರೆ ನಾಳೆಯೂ ಬಡಿಸುವ,” ಎಂದಳು ಸುಪ್ರೀತಾ ಎಂಬ ವಿದ್ಯಾರ್ಥಿನಿ. ಅವಳು ನಗಲಿಲ್ಲ.

“ಪರಿಶೀಲನೆಯವರಿಗೆ ಕೋಳಿಯ ವಾಸನೆ ತೋರಿಸುವುದಾ?” ಸರ್ ಕಟ್ಟರ್ ತಂದು ನನ್ನ ಕೈಗಿಟ್ಟರು. “ಎದುರಿನ ಕಣ್ಣುಗಳ ವಯರು ಕತ್ತರಿಸು. ಕುರುಡಾಗಿ ಕಲಿತ ದಾರಿಯಲ್ಲೇ ಹೋಗಲಿ. ಸತ್ತವನ ಜಾಗ ಖಾಲಿಯೇ ಉಂಟಲ್ಲ, ನಾಳೆಯಿಂದ ನಿನಗೆ.”

ಕುಂಞಣ್ಣ ನನ್ನನ್ನೇ ನೋಡಿದ. “ಕತ್ತರಿಸಿದರೆ ಹೋಗುತ್ತದೆ... ಹೋಗದೆ ಎಂತ? ಅವನ ಮೇಲಿಂದ ಹೋಗುತ್ತದೆ. ಅವ ಈಗಲೂ ಅಲ್ಲಿಯೇ ಇದ್ದಾನೆ ಮಗಾ. ಬೆಳಿಗ್ಗೆ ನೀನು ಚಾ ಕುಡಿದದ್ದು ಅವನ ಪಕ್ಕದಲ್ಲಿ ಕೂತು.”

ಕರೆಂಟು ಬಂತು. ತಿರುವಿನಲ್ಲಿ ನಿಂತಿದ್ದ ಗಾಡಿ ಇನ್ನೂ ಟಿಕ್ ಟಿಕ್ ಎನ್ನುತ್ತಿತ್ತು.

ಕಟ್ಟರನ್ನು ಮೇಜಿನ ಮೇಲಿಟ್ಟೆ. ಚೀಲ ಹೆಗಲಿಗೇರಿಸಿದೆ.

“ಏಯ್, ಎಲ್ಲಿಗೆ? ಕಿವಿ ಕೇಳುವುದಿಲ್ಲವಾ ನಿನಗೆ?” ಸರ್ ಕೂಗಿದರು.

ತಿರುವಿನಲ್ಲಿ ಒಂದು ಬದಿಗೆ ಸರಿದು, ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಬಿಟ್ಟು, ಮಳೆಗೆ ಇಳಿದೆ.