ಸಾಹೇಬರ ಸೋವಿ ಊಟ

ಗುರುವಾರ ಅಲ್ಲ ಕಣಕ್ಕಾ, ಮಂಗಳವಾರ! ನಾನು ಮೊದಲನೇ ಸಲ ಮನೆ ಬಿಟ್ಟು ನಡೆದದ್ದು ಮಂಗಳವಾರ. ಗುರುವಾರ ನಿಮಗೆಲ್ಲ ಗೊತ್ತಾದದ್ದು! ಎರಡು ದಿನ ನಾನು ಗೆಳೆಯನ ಮನೇಲಿದೀನಿ ಅಂದ್ಕೊಂಡು ಇಡೀ ಮನೆ ಹಾಯಾಗಿ ಗೊರಕೆ ಹೊಡೀತು. ನಗು, ನಗು... ಮಂಗಳವಾರ ಲೆಕ್ಕದ ಪರೀಕ್ಷೆ ಇತ್ತು, ಅದಕ್ಕೇ ನೆನಪಿದೆ. ಬರೆದಿದ್ರೆ ಮರೆತು ಹೋಗಿರ್ತಿತ್ತು.

ಆದ್ರೆ ನೀನು ಹೇಳಿದ್ದು ನಿಜ. ಅವತ್ತಿಂದ ಇವತ್ತಿನವರೆಗೆ ಒಂದೇ ಸೂರಿನ ಕೆಳಗೆ ಎರಡು ತಿಂಗಳು ಕೂತದ್ದು ಇದೇ ಮೊದಲು. ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದ ಮುಂಡೇದು ಅಂತಿದ್ಲು ಅಮ್ಮ. ಚಕ್ರ ಬಿಚ್ಚಿ ಅಟ್ಟಕ್ಕೆ ಹಾಕಿದೀನಿ ಅಕ್ಕಾ! ಹಿಂದಿನ ಕೋಣೆ ನೋಡಿದ್ಯಾ? ನೀನು ಹೊರಡುವಾಗ ಏನಂದಿದ್ದೆ? "ಮಗಳ ಹೆರಿಗೆ ಮುಗಿಸಿ ಬರೋವರೆಗೆ ಸಾಹೇಬ್ರನ್ನ ಸರಿಯಾಗಿ ನೋಡ್ಕೋ, ಆ ಕೋಣೆ ನಿಂದೇ." ನಾನು ಗೋಡೆಗೆ ಮೊಳೆ ಹೊಡ್ದೆ. ಹೌದು, ಮೊಳೆ! ಈ ಜನ್ಮದಲ್ಲಿ ನಾನು ಹೊಡೆದ ಮೊದಲನೇ ಮೊಳೆ. ಶರ್ಟು ಅದರಲ್ಲಿ ನೇತಾಡ್ತಿದೆ. ರಾತ್ರಿ ಮಲಗಿ ಅದನ್ನೇ ನೋಡ್ತೀನಿ. ಎಷ್ಟು ಚೆಂದ ನೇತಾಡತ್ತೆ ಗೊತ್ತಾ ಒಂದು ಶರ್ಟು, ಚೀಲದೊಳಗೆ ಮುದುರಿಕೊಳ್ದೆ ಇದ್ರೆ...

ಸಾಹೇಬ್ರಾ? ಬರ್ತಾರೆ, ಬರ್ತಾರೆ. ಮೊದಲು ನೀನು ಕೂತ್ಕೋ, ಪ್ರಯಾಣದಿಂದ ಬಂದಿದ್ದೀಯ. ನೀರು ಕುಡಿ. ಬೆಕ್ಕು ಎಲ್ಲಿಗೆ ಹೋಗತ್ತೆ?

ನೀನು ಇಟ್ಟು ಹೋದ ಡಬ್ಬಿಗಳು? ಓ, ಕಪಾಟು ನೋಡಿಬಿಟ್ಟೆ. ಇವೆ ನೋಡು, ಮುಟ್ಟಿಲ್ಲ. ಒಂದೋ ಎರಡೋ ಖರ್ಚಾಗಿರಬೇಕು. ಹುಬ್ಬು ಯಾಕೆ ಏರಿಸ್ತೀಯ? ಉಪವಾಸ ಕೆಡವಿಲ್ಲ ತಾಯಿ! ಅದೇ, ಅದೇ ಹೇಳೋಕೆ ಬಂದೆ. ಅಂಗೈ ಅಗಲದ ಡಬ್ಬಿ. ಮೇಲೆ ಚಿನ್ನದ ಬಣ್ಣದ ಲೇಬಲ್ಲು. ಗಾಜಿನ ಬಟ್ಟಲಲ್ಲಿ ತಿನ್ನೋ ಒಂದು ಬಿಳಿ ಬೆಕ್ಕು. ಅದರ ಮುಖದಲ್ಲಿ, ಏಳು ಊರು ಬರೆಸ್ಕೊಂಡವಳ ಗತ್ತು! ನೀನು ದುಡ್ಡು ಸುರೀತಿದ್ದದ್ದು ಆ ಗತ್ತಿಗೆ ಅಕ್ಕಾ, ಮೀನಿಗಲ್ಲ.

ನಾನು ಹೇಳ್ತೀನಿ ಕೇಳು. ಮೀನು ಡಬ್ಬಿ ಫ್ಯಾಕ್ಟರಿಯಲ್ಲಿ ಒಂದು ತಿಂಗಳು ಕಳೆದವನು ನಾನು. ಲೇಬಲ್ ಅಂಟಿಸೋ ಸಾಲಿನಲ್ಲಿ ನಿಂತಿದ್ದೆ. ಒಂದೇ ಕೊಪ್ಪರಿಗೆ, ಒಂದೇ ಸೌಟು! ಬೆಳಿಗ್ಗೆ ಚಿನ್ನದ ಲೇಬಲ್ಲು, ಊಟದ ಗಂಟೆ ಆದಮೇಲೆ ಹಸಿರು ಲೇಬಲ್ಲು. ಚಿನ್ನದ್ದು ಬಂಗಲೆಗೆ, ಹಸಿರು ಬಾಡಿಗೆ ಮನೆಗೆ. ಅಂಟು ಮಾತ್ರ ಎರಡಕ್ಕೂ ಒಂದೇ... ನನ್ನ ಬೆರಳು ಇನ್ನೂ ನಾರತ್ತೆ, ಮೂಸು ಬೇಕಾದ್ರೆ. ಬೇಡ್ವಾ? ಬೇಡ ಬಿಡು.

ಅದಕ್ಕೇ ನಾನೇ ಅಂಗಡಿಗೆ ಹೋದೆ. ಆ ಸಾಕುಪ್ರಾಣಿ ಅಂಗಡಿಯವನು ಏನು ಕೇಳ್ದ ಗೊತ್ತಾ? "ಸರ್, ನಿಮ್ಮ ಬೆಕ್ಕಿನ ಜೀವನಶೈಲಿ ಎಂಥದ್ದು?" ಅಯ್ಯೋ! ಇಷ್ಟು ವರ್ಷದಲ್ಲಿ ನನ್ನ ಜೀವನಶೈಲಿ ಯಾವನಾದ್ರೂ ಕೇಳಿದಾನಾ? "ಹಗಲು ನಿದ್ದೆ, ರಾತ್ರಿ ಓಡಾಟ" ಅಂದೆ. "ಅಂಥವಕ್ಕೆ ಬೇರೇನೇ ಬಂದಿದೆ ಸರ್" ಅಂತ ಏಣಿ ಹತ್ತಿಬಿಟ್ಟ! ಅವನು ಇಳಿಯೋದ್ರೊಳಗೆ ನಾನು ಕೆಳಗಿನ ಹಲಗೆ ಪೂರ್ತಿ ಓದಿ ಮುಗಿಸಿದ್ದೆ. ಯಾಕೆ, ಓದು ಬಿಟ್ಟವನಿಗೆ ಓದೋಕೆ ಬರಲ್ವಾ? ನಿಧಾನ, ಅಷ್ಟೇ. ನಿಧಾನಕ್ಕೆ ಓದುವವನಿಗೇ ಮೋಸ ಕಾಣೋದು.

"ಮೀನಿನ ರುಚಿಯುಳ್ಳದ್ದು" ಅಂತ ಬರೆದಿದ್ರೆ, ಮೀನು ಆ ಬೀದೀಲಿ ಯಾವಾಗಲೋ ಹಾದುಹೋಗಿದೆ ಅಂತ ಅರ್ಥ. "ಮೀನು ಸೇರಿದ್ದು" ಅಂದ್ರೆ ಬಾಗಿಲಲ್ಲಿ ನಿಂತು ಇಣುಕಿದೆ. ಬರೀ "ಮೀನು" ಅಂತಿದ್ರೆ ಮಾತ್ರ ಮೀನು ಅಲ್ಲಿ ಸಂಸಾರ ಮಾಡ್ತಿದೆ! ಗ್ರೇವಿ ಅಂದ್ರೆ ನೀರು. ಜೆಲ್ಲಿ ಅಂದ್ರೆ ಎದ್ದು ನಿಂತ ನೀರು. ಇನ್ನು ಆ ಪುಟಾಣಿ ಪೌಚು... ಕತ್ತರಿಸಿದ್ರೆ ಎರಡು ಚಮಚ, ಮೂರನೇದು ಪೌಚಿಗೇ ಅಂಟ್ಕೊಂಡಿರತ್ತೆ. ಆಮೇಲೆ ಸಣ್ಣಕ್ಷರದಲ್ಲಿ "ಪೂರ್ಣ ಆಹಾರ" ಅಂತ ಇದೆಯಾ ನೋಡಬೇಕು. ಇಲ್ದಿದ್ರೆ ಅದು ಊಟ ಅಲ್ಲ, ನೆಂಚಿಕೊಳ್ಳೋದು. ಇಷ್ಟೆಲ್ಲ ಜಾಲಾಡಿದ ಮೇಲೆ ಸಿಕ್ತು ನೋಡು, ಮೂಲೇಲಿ ಧೂಳು ಹೊದ್ದು ಕೂತಿದ್ದ ದೊಡ್ಡ ಡಬ್ಬಿ. ಗತ್ತಿಲ್ಲ, ಗಾಜಿನ ಬಟ್ಟಲಿಲ್ಲ. ಹಸಿರು ಲೇಬಲ್ಲು! ಅಣ್ಣತಮ್ಮಂದಿರು ಸಿಕ್ಕ ಹಾಗಾಯ್ತು. ಒಂದು ತೆರೆದ್ರೆ ಎರಡು ದಿನ. ಉಳಿದದ್ದು ಮುಚ್ಚಿ ಫ್ರಿಜ್ಜಿಗೆ, ಬಡಿಸುವಾಗ ಬಿಸಿನೀರಲ್ಲಿ ಬಟ್ಟಲಿಟ್ಟು ಉಗುರುಬೆಚ್ಚಗೆ. ನಾನೇ ತಿಂದೂ ನೋಡ್ದೆ.

ಏನು ಮುಖ ಕಿವುಚ್ತೀಯ! ಉಪ್ಪು ಕಮ್ಮಿ, ಅಷ್ಟೇ. ಲಾರಿ ಮೇಲಿದ್ದಾಗ ಇದಕ್ಕಿಂತ ಕೆಟ್ಟದ್ದನ್ನ ಹೋಟೆಲಲ್ಲಿ ಕೂತು, ಎಲೆಕ್ಟ್ರಿಕ್ ಫ್ಯಾನ್ ಕೆಳಗೆ ತಿಂದಿದೀನಿ.

ಮೊದಲನೇ ದಿನಾನಾ? ಮೊದಲನೇ ದಿನ... ಸ್ವಲ್ಪ ಮುನಿಸ್ಕೊಂಡ್ರು. ನಾನು ಬಿಡ್ತೀನಾ? ಹಸಿರು ಊಟಾನ ಚಿನ್ನದ ಡಬ್ಬಿಗೆ ತುಂಬಿ, ಅವರ ಕಣ್ಣೆದುರಿಗೇ, ನಿನ್ನ ಥರಾನೇ ಚಮಚದಲ್ಲಿ ಡಬ್ಬಿ ಅಂಚು ತಟ್ಟಿ ಬಡಿಸ್ದೆ. ಮೂಸಿದ್ರು. ನನ್ನ ಮುಖ ನೋಡಿದ್ರು. ಆಮೇಲೆ ಮುಂಗಾಲಲ್ಲಿ ನೆಲ ಕೆರೆದು, ಇಲ್ಲದ ಮಣ್ಣು ಎಳೆದು ತಟ್ಟೆ ಮುಚ್ಚಿದ್ರು ಅಕ್ಕಾ! ಹೊರಕಡೆಗೆ ಕೂತು ಎದ್ದಮೇಲೆ ಮುಚ್ತಾವಲ್ಲ, ಹಾಗೆ! ನಗಬೇಡ, ನನಗೆ ಎಷ್ಟು ಅವಮಾನ ಆಯ್ತು... ಆಮೇಲಾ? ಆಮೇಲೆ... ಹೊಂದ್ಕೊಂಡ್ರು. ಹೊಟ್ಟೆ ಹಸಿದ್ರೆ ಎಲ್ಲರೂ ಹೊಂದ್ಕೊಳ್ತಾರೆ. ಫೋನಲ್ಲಿ ದಿನಾ ಹೇಳ್ತಿರ್ಲಿಲ್ವಾ, ಬಟ್ಟಲು ನೆಕ್ಕಿ ತೊಳೆದಿಡ್ತಾರೆ ಅಂತ? ಫೋಟೋದಲ್ಲೆಲ್ಲ ಬರೀ ಮುಖ, ಬಟ್ಟಲು ಯಾಕೆ ಅಂದ್ರೆ... ನೆಕ್ಕೋದು ಕಾಣಬೇಕಲ್ಲ!

ಬಂದ್ರು ನೋಡು! ಬನ್ನಿ ಸಾಹೇಬ್ರೇ, ಬನ್ನಿ! ಅದೇ ಬೂದು ಪಟ್ಟೆ, ಅದೇ ಮೀಸೆ. ಭಾವ ತನ್ನ ಆಫೀಸಿನ ಸಾಹೇಬನ ಮೀಸೆ ನೋಡಿ ಇಟ್ಟ ಹೆಸರು, ತಪ್ಪುತ್ತಾ? ಏನು, ನಿನ್ನ ಹತ್ರ ಬರ್ತಿಲ್ಲ ಅಂತ ಬೇಜಾರಾ? ಎರಡು ತಿಂಗಳು ಬಿಟ್ಟು ಹೋದವಳು ನೀನು. ಅವರಿಗೂ ಮಾನ ಮರ್ಯಾದೆ ಇರಲ್ವಾ?

ಸರಿ, ಪರೀಕ್ಷೆ ಮಾಡೋಣ. ಇದೊಂದು ಪರೀಕ್ಷೆಗೆ ನಾನು ಓಡಿಹೋಗಲ್ಲ! ಇದು ನಿನ್ನ ಚಿನ್ನದ ಡಬ್ಬಿ, ಈಗಷ್ಟೇ ತೆರೆದದ್ದು. ಇದು ನನ್ನ ಹಸಿರು. ಎರಡೂ ಬಟ್ಟಲು ಪಕ್ಕಪಕ್ಕ ಇಟ್ಟೆ. ಈಗ ನೋಡ್ತಾ ಇರು... ಮೂಸಿದ್ರು... ಚಿನ್ನದ್ದನ್ನ ದಾಟಿದ್ರು... ಹಸಿರಿಗೇ ಬಾಯಿ! ಗೆದ್ದೆ! ಗೆದ್ದೆ ಕಣಕ್ಕಾ! ಎಂಟು ವರ್ಷ ಆ ಚಿನ್ನದ್ದು ಬಿಟ್ಟು ಬೇರೆ ಮುಟ್ಟದ ಬೆಕ್ಕು, ಈಗ ತಿರುಗಿ ಕೂಡ ನೋಡಲ್ಲ. ಬುದ್ಧಿ ಕಲಿಸೋದು ಅಂದ್ರೆ ಇದು!

ಬಟ್ಟಲು ನೋಡಕ್ಕಾ. ಬಾಲ ಯಾಕೆ ನೋಡ್ತೀಯ?

ಬಾಲ... ಹೌದು. ನೆಟ್ಟಗಾಗಿದೆ. ನಂಗೂ ಆಶ್ಚರ್ಯಾನೇ! ಭಾವನ ಆರಾಮ ಕುರ್ಚಿಗೆ ಸಿಕ್ಕಿ ಮುರಿದದ್ದು, ತುದಿ ಕೊಕ್ಕೆ ಥರ ಇತ್ತು, ಗೊತ್ತು. ನಾಯಿ ಬಾಲ ಡೊಂಕು ಅಂತ ಗಾದೆ ಇದೆ. ಬೆಕ್ಕಿನ ಬಾಲಕ್ಕೆ ಗಾದೆ ಎಲ್ಲಿದೆ? ಒಳ್ಳೇ ಊಟ ಬಿದ್ರೆ ನೆಟ್ಟಗಾಗತ್ತೆ! ಮೂಳೆಸಹಿತ ಅರೆದಿರ್ತಾರೆ ಹಸಿರಲ್ಲಿ. ಸುಣ್ಣದಂಶ...

ಮುಟ್ಟು, ಮುಟ್ಟು. ತಿನ್ನುವಾಗ ಮುಟ್ಟಿದ್ರೂ ಬೇಜಾರಿಲ್ಲ ಈಗ. ಮೈ ತುಂಬ್ಕೊಂಡಿದಾರೆ, ಅಲ್ವಾ? ಹೊಟ್ಟೆ ನೋಡು, ಗುಂಡಗೆ... ಸೋವಿ ಊಟದಲ್ಲಿ ಸತ್ವ ಇಲ್ಲ ಅಂದವನನ್ನ ಕರ್ಕೊಂಡು ಬಂದು ಈ ಹೊಟ್ಟೆ ತೋರಿಸಬೇಕು.

ಕೈ ಯಾಕೆ ಅಲ್ಲೇ ಇಟ್ಕೊಂಡು ಕೂತೆ?

ಏನು ಅಲ್ಲಾಡ್ತು? ಅರಗ್ತಿರತ್ತೆ. ಊಟ ಅರಗ್ತಿರತ್ತೆ ಅಕ್ಕಾ, ಈಗ ತಾನೆ ತಿಂದದ್ದು. ಹಾಗೆ ನೋಡಬೇಡ... ನೀನು ಈಗಷ್ಟೇ ಹೆರಿಗೆ ಮನೆಯಿಂದ ಬಂದಿದ್ದೀಯ, ನಿನಗೆ ಎಲ್ಲ ಹೊಟ್ಟೇನೂ ಹಾಗೇ ಕಾಣತ್ತೆ. ಇವರು ಗಂಡಸು. ಸಾಹೇಬ್ರು. ಸಾಹೇಬ್ರು ಗಂಡ...

ಅಕ್ಕಾ?

ಏನಾದ್ರೂ ಮಾತಾಡು.

...ಎರಡನೇ ದಿನಾನೇ. ನೀನು ಹೋದ ಎರಡನೇ ದಿನಾನೇ. ತಟ್ಟೆ ಮುಚ್ಚಿದ್ರು ಅಂದ್ನಲ್ಲ, ಮುಚ್ಚಿ, ನೆಟ್ಟಗೆ ಹೋಗಿ ಬಾಗಿಲ ಮುಂದೆ ಕೂತ್ರು. ಕೂಗಲಿಲ್ಲ, ಪರಚಲಿಲ್ಲ. ಬಾಗಿಲನ್ನ ನೋಡ್ತಾ ಕೂತ್ರು. ಮಧ್ಯಾಹ್ನ ಆಯ್ತು, ಸಂಜೆ ಆಯ್ತು. ಆ ಬೆನ್ನು ನೋಡಿ... ಚಿನ್ನದ ಡಬ್ಬಿ ತೆರೆದಿದ್ರೆ ತಿರುಗ್ತಿದ್ರೋ ಏನೋ. ತೆರೀಲಿಲ್ಲ. ಹಠ! ಫ್ಯಾಕ್ಟರಿಯಲ್ಲಿ ಲೇಬಲ್ ಅಂಟಿಸಿದವನಿಗೆ ಒಂದು ಬೆಕ್ಕು ಪಾಠ ಹೇಳೋದಾ ಅಂತ. ಒಂದೇ ಕೊಪ್ಪರಿಗೆ ಅಂದ್ನಲ್ಲ... ಆ ಫ್ಯಾಕ್ಟರೀಲಿ ಹಾಗಿತ್ತು. ಈ ಡಬ್ಬಿ ಯಾವ ಫ್ಯಾಕ್ಟರಿದೋ ನಾನೇನು ಕಂಡೆ! ಅವರು ಮೂಸಿ ಕಂಡುಹಿಡಿದ್ರು. ನಾನು ಓದಿ ಮೋಸಹೋದೆ.

ಚಿಲಕ ತೆಗೀಬೇಡ ಅಂದಿದ್ದೆ ನೀನು. ಹೌದು, ಅಂದಿದ್ದೆ. ಬಾಗಿಲನ್ನೇ ನೋಡ್ತಾ ಕೂತವರನ್ನ ಕೂಡಿಹಾಕೋಕೆ ನನ್ನ ಕೈಲಾಗತ್ತಾ ಅಕ್ಕಾ? ನನ್ನ ಕೈಲಿ? ಬೇರೆ ಯಾರಿಗಾದ್ರೂ ಕೀಲಿ ಕೊಡಬೇಕಿತ್ತು. "ಒಂದು ಸುತ್ತು ಹೊಡ್ಕೊಂಡು ಬನ್ನಿ ಸಾಹೇಬ್ರೇ" ಅಂದೆ. ತಿರುಗಿ ನೋಡ್ಲಿಲ್ಲ. ಆ ಡೊಂಕು ಬಾಲ ಮೇಲೆತ್ಕೊಂಡು...

ಹುಡುಕ್ದೆ. ಚರಂಡಿ, ಛಾವಣಿ, ಹಾಲಿನವನ ಶೆಡ್ಡು, ಎಲ್ಲ. ಒಂದು ದಿನ ಬಾಗಿಲು ತೆಗೆದ್ರೆ ಇವಳು ಕೂತಿದ್ಲು. ಒಳಗೆ ನೋಡ್ತಾ. ಅದೇ ಪಟ್ಟೆ. ಏನಿಟ್ರೂ ತಿಂದ್ಲು. ಫೋನಲ್ಲಿ ನೀನು "ಸಾಹೇಬ್ರು ಹೇಗಿದಾರೆ" ಅಂದೆ. ಹಿಂದೆ ಮೊಮ್ಮಗು ಅಳ್ತಿತ್ತು. "ಬಟ್ಟಲು ನೆಕ್ತಿದಾರೆ" ಅಂದೆ. ಸುಳ್ಳಲ್ಲ, ಯಾರೋ ಒಬ್ರು ನೆಕ್ತಿದ್ರು...

ಬಯ್ಯಿ ಅಕ್ಕಾ. ಭಾವನ ಕುರ್ಚಿ ನೋಡ್ತಾ ಕೂರಬೇಡ. ಭಾವ ಹೋದಮೇಲೆ ಆ ಕುರ್ಚಿಗೆ ಮೈ ಒರೆಸೋಕೆ ಅವರೊಬ್ರೇ ಇದ್ದದ್ದು ಅಂತ ನಂಗೊತ್ತು. ಬೈದುಬಿಡು. ಬೈಸ್ಕೊಂಡು ಅಭ್ಯಾಸ ಇದೆ, ಸುಮ್ಮನಿರೋರ ಮುಂದೆ ನಿಂತು ಅಭ್ಯಾಸ ಇಲ್ಲ.

ಸರಿ. ಹೇಳೋದು ಬೇಡ, ಅರ್ಥ ಆಯ್ತು. ಚೀಲ ಅಲ್ಲೇ ಅಟ್ಟದ ಮೇಲಿದೆ, ಚಕ್ರದ ಜೊತೆ. ಕ್ಷೌರದ ಡಬ್ಬಿ... ಕಂಬಳಿ... ಇವಳನ್ನ ಏನು ಮಾಡ್ತೀಯೋ ನಿನ್ನಿಷ್ಟ. ಸೋವಿಯವಳು, ಭಾರ ಆಗಲ್ಲ. ಹಸಿರು ಡಬ್ಬಿ ಇನ್ನೂ ಐದಾರಿವೆ.

ಏನದು? ಚೀಲಕ್ಕೆ ಏನು ಹಾಕ್ತಿದ್ದೀಯ? ಚಿನ್ನದ ಡಬ್ಬೀನಾ? ಅಯ್ಯೋ, ಬೇಡ, ದಾರಿಗೆ ನಂಗೆ ಹಸಿರೇ ಸಾಕು... ಇನ್ನೊಂದಾ? ಚಮಚ ಬೇರೆ...

ಓ. ನಂಗಲ್ಲ.

ಹೂಂ. ಅಂಚು ತಟ್ಕೊಂಡು ಹೋಗ್ತೀನಿ. ಬೀದಿ ಬೀದಿ ತಟ್ಕೊಂಡು ಹೋಗ್ತೀನಿ. ಮನೆ ಬಿಟ್ಟವರು ಎಲ್ಲಿಗೆ ಹೋಗ್ತಾರೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೊದಲು ಬಹಳ ದೂರ ಹೋಗಲ್ಲ ಅಕ್ಕಾ. ಆ ಮಂಗಳವಾರ, ಬುಧವಾರ, ನಾನೂ ನಮ್ಮ ಹಿಂದಿನ ಬೀದೀಲೇ ಇದ್ದೆ. ಯಾರಾದ್ರೂ ಕರೀತಾರಾ ಅಂತ.

ಶರ್ಟು ತೆಗೆದೆ. ಮೊಳೆ ಏನು ಮಾಡ್ಲಿ? ಕೀಳಲಾ?

ಅಕ್ಕಾ, ಮೊಳೆ ಕೀಳಲಾ ಅಂದೆ.

...ಸರಿ. ಇರಲಿ ಬಿಡು.