ಕೊನೆಯ ಗುಟುಕಿನ ಪರೀಕ್ಷೆ

ಸೇರಿರುವ ಹಿರಿಯರಿಗೆ, ನಮ್ಮ ಕಾರ್ಖಾನೆಯ ಎಲ್ಲ ವಿಭಾಗದ ಗೆಳೆಯ ಗೆಳತಿಯರಿಗೆ, ಮುಂದಿನ ಸಾಲಿನಲ್ಲಿ ಕುಳಿತಿರುವ, ನಮ್ಮನ್ನು ಅಗಲಿದ ಸಾಹೇಬರ ತಾಯಿಯವರಿಗೆ, ಅವರ ಶ್ರೀಮತಿಯವರಿಗೆ — ನಮಸ್ಕಾರ. ನನಗೆ ಮೈಕಿನ ಮುಂದೆ ನಿಂತು ಅಭ್ಯಾಸವಿಲ್ಲ. ನಾನು ಕೆಳಗಿನ ಮಾದರಿ ಕೋಣೆಯವನು. ಮೇಲಿನ ವಿನ್ಯಾಸ ವಿಭಾಗದವರು ಕಂಪ್ಯೂಟರಿನಲ್ಲಿ ಬರೆದದ್ದನ್ನು ಮೊದಲ ಸಲ ಕೈಗೆ ಸಿಗುವ ವಸ್ತುವಾಗಿ ಮಾಡಿಕೊಡುವುದು ನನ್ನ ಕೆಲಸ. ಹಾಗಾಗಿ ಅಲ್ಲಿದ್ದ ನಮ್ಮ ಸಾಹೇಬರ ಜೊತೆ ಅತಿ ಹೆಚ್ಚು ಜಗಳವಾಡಿದವನೂ ನಾನೇ. ಆ ಒಂದು ಅರ್ಹತೆಯ ಮೇಲೆ ಇಲ್ಲಿ ನಿಂತಿದ್ದೇನೆ ಅಂತ ತಿಳಿದುಕೊಳ್ಳಿ.

ನಾವೆಲ್ಲ ಅವರನ್ನು ಟಿಕ್ ಸಾಹೇಬರು ಅಂತ ಕರೆಯುತ್ತಿದ್ದೆವು. ಬೆನ್ನ ಹಿಂದೆ ಕರೆಯುತ್ತಿದ್ದೇವೆ ಅಂತ ನಮ್ಮ ಲೆಕ್ಕ. ಅವರಿಗೆ ಎಲ್ಲ ಗೊತ್ತಿತ್ತು.

ಅವರು ಕೂರುವ ರೀತಿ ನಿಮಗೆ ನೆನಪಿದೆಯಲ್ಲ — ಹೀಗೆ, ಗಲ್ಲಕ್ಕೆ ಕೈ ಕೊಟ್ಟುಕೊಂಡು. ಕಿಟಕಿಯ ಪರದೆ ಅರ್ಧ ಎಳೆದಿರುತ್ತಿತ್ತು. ಕಂಪ್ಯೂಟರಿನ ತೆರೆಯ ಮೇಲೆ ಬೂದು ಬಣ್ಣದ ಒಂದು ಆಕಾರ, ಜಗ್ಗೋ ಬುಟ್ಟಿಯೋ, ತನ್ನ ಪಾಡಿಗೆ ತಾನು ನಿಧಾನವಾಗಿ ತಿರುಗುತ್ತಿತ್ತು. ಇವರು ಅದನ್ನು ನೋಡುತ್ತ, ನೋಡುತ್ತ ಎಲ್ಲೋ ಹೋಗಿಬಿಡುತ್ತಿದ್ದರು. "ಏನ್ ಸಾಹೇಬ್ರೇ, ನಿದ್ದೆನಾ?" ಅಂತ ಒಮ್ಮೆ ಕೇಳಿದೆ. "ಹೂಂ ಕಣಯ್ಯ" ಅಂದರು. "ಇದರೊಳಗೆ ಇರೋದೆಲ್ಲ ಕನಸೇ ಅಲ್ವಾ? ನೋಡು, ಭಾರ ಇಲ್ಲ, ಬಿಸಿ ಇಲ್ಲ, ಕೈ ಬಿಟ್ರೆ ಬೀಳೋದೂ ಇಲ್ಲ. ಎಚ್ಚರ ಆಗೋದು ನಿನ್ನ ಕೋಣೆಗೆ ಬಂದ ಮೇಲೇನೆ."

ಆ ಎಚ್ಚರ ಒಂದು ದಿನ ಜೋರಾಗಿಯೇ ಆಯಿತು. ನೀರಿನ ಜಗ್ಗಿಗೆ ಒಂದು ಮುಚ್ಚಳ ಬರೆದು ಕಳಿಸಿದ್ದರು. ಅವರು ಇಂಚಿನಲ್ಲಿ ಬರೆದದ್ದನ್ನು ನಮ್ಮ ಯಂತ್ರ ಮಿಲಿಮೀಟರು ಅಂತ ಓದಿಕೊಂಡಿತು. ಮುಚ್ಚಳ ಬಂತು — ಇಷ್ಟು, ಬೇಳೆಕಾಳಿನಷ್ಟು. ಅದನ್ನು ಅಂಗೈ ಮೇಲಿಟ್ಟುಕೊಂಡು ಮೆಟ್ಟಿಲು ಹತ್ತಿ ಹೋದೆ. "ತಗೊಳ್ಳಿ ಸಾಹೇಬ್ರೇ, ನಿಮ್ಮ ಮುಚ್ಚಳ. ಸೀನಬೇಡಿ ಮತ್ತೆ, ಹಾರಿ ಹೋಗುತ್ತೆ." ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಆ ಕಾಳನ್ನು ಬೆರಳ ತುದಿಯಲ್ಲಿ ಎತ್ತಿಕೊಂಡು ಬಹಳ ಹೊತ್ತು ನೋಡಿದರು. ಮರುದಿನ ಅವರ ತೆರೆಯ ಪಕ್ಕ ಒಂದು ಚೀಟಿ ಅಂಟಿತ್ತು: ಅಳತೆ ಯಾವುದರಲ್ಲಿ?

ಇವತ್ತು ಈ ಕಾರ್ಖಾನೆಯಲ್ಲಿ ಒಂದು ಸೌಟು ಮಾಡಬೇಕಾದರೂ ನಾವು ಸಾಲು ಸಾಲಿಗೆ ಟಿಕ್ ಹಾಕಿ ತುಂಬುವ ಕ್ರಮಪಟ್ಟಿ ಇದೆಯಲ್ಲ, ಅದು ಹುಟ್ಟಿದ್ದು ಹೀಗೆ. ಒಂದೊಂದು ಎಡವಟ್ಟಿಗೆ ಒಂದೊಂದು ಸಾಲು. 'ಫೈನಲ್', 'ಹೊಸ ಫೈನಲ್', 'ಇದೇ ಫೈನಲ್' ಅಂತ ಫೈಲುಗಳಿಗೆ ಹೆಸರಿಟ್ಟು ನಾವು ಹಳೆಯದನ್ನೇ ಅಚ್ಚಿಗೆ ಕಳಿಸಿದ್ದು ನೆನಪಿರಬೇಕು. ಅದಕ್ಕೂ ಒಂದು ಸಾಲು ಬಂತು. ಅಚ್ಚಿನಿಂದ ವಸ್ತು ಕಳಚಿಕೊಂಡು ಬರುತ್ತದೆಯೇ ಅನ್ನುವುದು ನನ್ನ ಜಗಳದಿಂದ ಬಂದ ಸಾಲು, ಅದರ ಬಗ್ಗೆ ನನಗೆ ಸ್ವಲ್ಪ ಜಂಬವಿದೆ. ಮೊದಮೊದಲು ಎಲ್ಲರೂ ಗೊಣಗಿದೆವು. ಪಟ್ಟಿ ಬಂದರೆ ಕೆಲಸಕ್ಕೆ ಬೀಗ ಬೀಳುತ್ತದೆ ಅಂದೆವು. ಅವರು ಮಾತ್ರ, "ಗಾಬರಿ ಬಿಡ್ರಪ್ಪ, ಮರೆಯೋ ಕೆಲಸ ಪಟ್ಟಿ ನೋಡ್ಕೊಳ್ಳುತ್ತೆ, ನೀವು ಕನಸು ಕಾಣಿ" ಅನ್ನುತ್ತಿದ್ದರು.

ಆದರೆ ಕೊನೆಯ ಸಾಲು ಇದೆಯಲ್ಲ — ಅದಕ್ಕೆ ನಾವು ನಕ್ಕಿದ್ದು ಅಷ್ಟಿಷ್ಟಲ್ಲ. 'ನಿಮ್ಮನ್ನು ಪ್ರೀತಿಸದ ಒಬ್ಬರು ಬಳಸಿ ನೋಡಿದ್ದಾರೆಯೇ?' ಕಾರ್ಖಾನೆಯ ಕಾಗದದಲ್ಲಿ ಪ್ರೀತಿಗೇನು ಕೆಲಸ ಸಾಹೇಬ್ರೇ ಅಂತ ಕಾಡಿಸಿದೆವು. "ಪ್ರೀತಿ ಇರೋರು ಎಲ್ಲದಕ್ಕೂ ಟಿಕ್ ಹಾಕ್ತಾರೆ ಕಣಯ್ಯ" ಅಂದರು. ತಾವು ಮಾಡಿದ ಜಗ್ಗನ್ನು ಚಹಾ ಅಂಗಡಿಯಲ್ಲಿ ಗುರುತೇ ಇಲ್ಲದವರ ಕೈಗೆ ಕೊಟ್ಟು ಪಕ್ಕದಲ್ಲಿ ನಿಲ್ಲುತ್ತಿದ್ದರು. ವಾಪಸು ಬರುವಾಗ ಮುಖ ಅರಳಿರುತ್ತಿತ್ತು. "ಬೈದ್ರು ಕಣಯ್ಯ, ಚೆನ್ನಾಗಿ ಬೈದ್ರು."

ಅವರ ಕೊನೆಯ ಕೆಲಸ ಒಂದು ಲೋಟ. ಕೈ ನಡುಗುವವರು ಚೆಲ್ಲದೆ ಕುಡಿಯಲಿ ಅಂತ ಮಾಡಿದ ಲೋಟ — ಎರಡೂ ಕಡೆ ಹಿಡಿ, ತಳ ಅಗಲ. ಅವರ ಅಮ್ಮನ ಕೈ ನಡುಗುವುದು ನಮಗೆಲ್ಲ ಗೊತ್ತು. ಆದರೂ ಅದನ್ನು ಅವರು ಅಮ್ಮನಿಗೆ ತೋರಿಸಲೇ ಇಲ್ಲ. ಪಟ್ಟಿಯ ಎಲ್ಲ ಸಾಲಿಗೂ ಟಿಕ್ ಬಿತ್ತು, ಕೊನೆಯದೊಂದು ಬಿಟ್ಟು. ಅಷ್ಟರಲ್ಲಿ ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡಿದೆ ಅಂತ ಎದ್ದು ಹೋದವರು —

ಕ್ಷಮಿಸಿ.

ಮೇಲಿನ ಕೋಣೆಗೆ ಈಗಲೂ ಹೋಗುತ್ತೇನೆ. ಆ ಲೋಟದ ಚಿತ್ರವನ್ನು ಯಾರೋ ತೆರೆಯ ಮೇಲೆ ತೆರೆದಿಟ್ಟಿದ್ದಾರೆ. ಅದು ತಿರುಗುತ್ತಾ ಇರುತ್ತದೆ. ನೋಡುತ್ತ ಕೂತರೆ ಹೊರಗೆ ಬಿಸಿಲು ಜಾರಿದ್ದೂ ತಿಳಿಯುವುದಿಲ್ಲ. ಅವರೂ ಪಕ್ಕದ ಕುರ್ಚಿಯಲ್ಲಿ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದಾರೆ ಅನ್ನಿಸುತ್ತದೆ. ಮಾತಾಡಿಸಲು ಹೋಗುವುದಿಲ್ಲ, ಎದ್ದು ಹೋದಾರು ಅಂತ. ಅವರಿಲ್ಲದೆ ನನಗೆ ಬಹಳ ಕಷ್ಟವಾಗಿದೆ.

ಇವತ್ತಿನ ಸಭೆಯಲ್ಲಿ ಆ ಲೋಟವನ್ನು ಅವರ ಹೆಸರಿನಲ್ಲೇ ಬಿಡುಗಡೆ ಮಾಡಬೇಕು ಅಂತ ನಮ್ಮ ಮಾಲೀಕರ ಆಸೆ. ಈ ಮೇಜಿನ ಮೇಲೆ ಬಟ್ಟೆ ಮುಚ್ಚಿ ಇಟ್ಟಿರುವುದು ಅದನ್ನೇ. "ಕೊನೇ ಸಾಲು ಒಂದೇ ತಾನೆ ಉಳಿದಿರೋದು, ನೀವೇ ಟಿಕ್ ಹಾಕಿಬಿಡಿ, ಅವರ ಗೆಳೆಯರಲ್ವಾ" ಅಂದರು. ಪ್ರೀತಿಯಿಂದಲೇ ಅಂದರು. ನಾನು ಪೆನ್ನು ತೆಗೆದೆ. ಗೆಳೆಯ ಅನ್ನುವ ಕಾರಣಕ್ಕೇ ನಾನದನ್ನು ಹಾಕುವ ಹಾಗಿರಲಿಲ್ಲ.

ಮೊನ್ನೆ ಲೋಟವನ್ನು ಚೀಲದಲ್ಲಿ ಹಾಕಿಕೊಂಡು ಅವರ ಮನೆಗೆ ಹೋದೆ. ಅಮ್ಮ ಅಡುಗೆಮನೆಯ ಕುರ್ಚಿಯಲ್ಲಿ ಕೂತಿದ್ದರು. ವಿಷಯ ಹೇಳಿದೆ. "ಅವರನ್ನ ಪ್ರೀತಿಸದೆ ಇರೋರು ನಮ್ಮಲ್ಲಿ ಯಾರೂ ಇಲ್ಲಮ್ಮ, ಅದಕ್ಕೇ ನಿಂತಿದೆ" ಅಂದೆ. ಅಮ್ಮ ಕೈ ಚಾಚಿದರು. "ಇಲ್ಲಿ ಕೊಡಪ್ಪ. ನನಗಿಂತ ಮೊದಲು ಹೋಗಿದ್ದಾನೆ. ಅವನ ಮೇಲೆ ನನಗೀಗ ಸಿಟ್ಟು ಬಿಟ್ರೆ ಬೇರೇನಿಲ್ಲ. ನಾನೇ ನೋಡ್ತೀನಿ."

ಸೊಸೆ ಚಹಾ ತುಂಬಿ ಕೊಟ್ಟರು. ಅಮ್ಮ ಎರಡೂ ಕೈಯಲ್ಲಿ ಹಿಡಿದು ಕುಡಿದರು. ಒಂದು ತೊಟ್ಟೂ ಚೆಲ್ಲಲಿಲ್ಲ. ನಾನು ಉಸಿರು ಬಿಡುವಷ್ಟರಲ್ಲಿ ಲೋಟ ಕೆಳಗಿಟ್ಟರು. "ಆಗಲ್ಲ" ಅಂದರು. "ಕೊನೇ ಗುಟುಕಿಗೆ ಅಂಚು ಮೂಗಿಗೆ ತಾಗುತ್ತೆ. ಕತ್ತು ಹಿಂದಕ್ಕೆ ಎತ್ತಬೇಕು. ನನ್ನ ವಯಸ್ಸಿನೋರ ಕತ್ತು ಎಲ್ಲಪ್ಪ ಹಾಗೆ ಏಳುತ್ತೆ?"

ನೋಡಿ — ತೆರೆಯ ಮೇಲೆ ಲೋಟವಿತ್ತು, ಹಿಡಿಯುವ ಕೈಯೂ ಇತ್ತು. ಮೂಗು ಇರಲಿಲ್ಲ. ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಆಮೇಲೆ ಅಮ್ಮ ಅತ್ತರು. ಅಳುತ್ತಲೇ ಹೇಳಿದರು: "ಹೀಗೇ ಮಾರಬೇಡಿ. ತಿದ್ದಿ ತಗೊಂಡ್ಬನ್ನಿ, ಇನ್ನೊಂದ್ಸಲ ಕುಡೀತೀನಿ."

ಮಾಲೀಕರೇ, ವೇದಿಕೆಯ ಮೇಲೆ ನಿಂತು ಹೇಳುತ್ತಿರುವುದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಆ ಸಾಲಿಗೆ ನಾನು ಟಿಕ್ ಹಾಕಿಲ್ಲ, ಕಾಟು ಹಾಕಿದ್ದೇನೆ. ಈ ಬಟ್ಟೆಯನ್ನು ಇವತ್ತು ತೆಗೆಯುವುದಿಲ್ಲ. ಮೂಗು ಬರುವ ಕಡೆ ಅಂಚನ್ನು ತಗ್ಗಿಸಿ ಬರೆಯಲು ಮೇಲಿನ ವಿನ್ಯಾಸದವರು ಆಗಲೇ ಶುರು ಮಾಡಿದ್ದಾರೆ —

ಮಾಲೀಕರು ಆಗಲಿ ಅಂತ ತಲೆಯಾಡಿಸುತ್ತಿದ್ದಾರೆ. ನಿಮಗೆ ಕೃತಜ್ಞ ಸಾರ್.

ಈಗ ಎಲ್ಲರೂ ಎದ್ದು ನಿಂತು, ಅವರನ್ನು ಮನಸ್ಸಿಗೆ ತಂದುಕೊಂಡು, ಸ್ವಲ್ಪ ಹೊತ್ತು ಮೌನವಾಗಿರೋಣ.

ಅಮ್ಮ — ನೀವು ಏಳಬೇಡಿ. ನೀವು ಕೂತೇ ಇರಿ. ನಿಮ್ಮ ಕೆಲಸ ಇನ್ನೂ ಬಾಕಿ ಇದೆ.